ಏಡಿ, ಗೆದ್ದಲು, ನನ್ನಪ್ಪ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ
ಕಡಲೆಕಾಯಿ ಬಿಡಿಸುತ್ತ ಕೂತಿದ್ದ ನನ್ನಪ್ಪ
ನನ್ನನ್ನೇ ದಿಟ್ಟಿಸಿ ಕೇಳಿದ:
'ಯಾರಮ್ಮಾ ನೀನು? ಎಲ್ಲೋ ನೋಡ್ದಂಗೈತೆ.'
ನನಗಾಗ ಹತ್ತೊಂಬತ್ತು.
'ನೋಡಿರ್ತೀರ' ಅಂದೆ.
ಸಿಪ್ಪೆ ಊದಿ, ನಾಲ್ಕು ಬೀಜ ನನ್ನ ಅಂಗೈಗಿಟ್ಟು
ದಿಬ್ಬೂರಹಳ್ಳಿ ಬಸ್ಸು ಹತ್ತಿದ.

ಮರೆವಿನವನಲ್ಲ, ನೀರುಗಂಟಿ ಬಚ್ಚಪ್ಪ.
ಕೆರೆಗೆ ಮೂರು ತೂಬು, ಯಾವ ಗದ್ದೆಗೆ ಎಷ್ಟು ಗಳಿಗೆ,
ಯಾವ ಬದುವಿನಡಿ ಯಾವ ಮುಂಗುಸಿ,
ಅದು ತನ್ನ ತಮ್ಮನ ಜೊತೆ ಯಾಕೆ ಮಾತು ಬಿಟ್ಟಿತು
ಎಲ್ಲ ಬಾಯಲ್ಲೇ ಇತ್ತು.
ಊರ ಗದ್ದೆಗೆಲ್ಲ ನೀರು ತಿರುಗಿಸಿದವನು
ಮನೆಯ ಮಡಕೆ ತುಂಬಿದ್ದು ಕಾಣೆ ಅನ್ನುತ್ತಿದ್ದಳು ಅಮ್ಮ,
ಕುದಿಯುವ ಬೇಸಿನ್ನಿನಲ್ಲಿ ಎಳೆ ಹುಡುಕುತ್ತ.

ಮೇಲಿನವರೂ ಕೆಳಗಿನವರೂ
ಗುದ್ದಲಿ ಎತ್ತಿ ನಿಂತ ರಾತ್ರಿ
ಲಾಟೀನು ನೆಲಕ್ಕಿಟ್ಟು, ಬೀಡಿ ಹಚ್ಚಿ ಹೇಳಿದನಂತೆ:
'ಒಂದು ಏಡಿ, ತೂಬಿನ ಕಂಡಿಗೆ ಅಡ್ಡ ಕೂತು
ನೀರೆಲ್ಲ ನಂದು ಅಂತು.
ಕಪ್ಪೆ ಬೇಡಿತು, ಮೀನು ಅತ್ತಿತು, ಏಳಲಿಲ್ಲ.
ಬ್ಯಾಸಿಗೆ ಬಂತು. ನೀರು ಹೋಯ್ತು.
ಕಂಡಿ ಮಾತ್ರ ಅದರದೇ ಆಯ್ತು.'
'ಆಮೇಲೆ?'
'ಆಮೇಲೇನು, ಕಂಡಿ.'
ಗುದ್ದಲಿ ಇಳಿದವು ಅಂತ ಇವತ್ತಿಗೂ ಕೊಂಡಾಡುತ್ತಾರೆ.
ಅಷ್ಟೊತ್ತಿಗೆ ಒಬ್ಬನ ತಲೆ ಒಡೆದಾಗಿತ್ತು,
ಅದನ್ನು ಯಾರೂ ಹೇಳುವುದಿಲ್ಲ.

ಕಥೆಗೆ ಮನಸೋತ ಮಂಡಲ ಪ್ರಧಾನರು
ಪಂಚೆ ಕೊಟ್ಟರು, ಟಾರ್ಚು ಕೊಟ್ಟರು, ಜಗಲಿಯಲ್ಲಿ ಊಟ ಕೊಟ್ಟರು.
ತಟ್ಟೆ ಮಾತ್ರ ಬೇರೆ, ಸೂರಿನ ಸಂದಿಯಲ್ಲಿ.
ಸಿಮೆಂಟಿನ ಲೆಕ್ಕದಲ್ಲಿ ಪ್ರಧಾನರು ಜೈಲು ಸೇರಿದ ವಾರ
ಬಾಗಿಲ ಮುಂದೆ ಚಪ್ಪಲಿಯೇ ಇಲ್ಲ.
ಇವನೊಬ್ಬ ಹೋಗಿ ಅದೇ ಜಗಲಿಯಲ್ಲಿ ಕೂತ.
ನಿನಗೇನೋ ಸಿಗುತ್ತೆ ಅಲ್ಲಿ, ಎಂದು ಕೆಣಕಿದವರಿಗೆ:
'ಆಲದ ಮರ ಬಿತ್ತು. ಹಕ್ಕಿ ಹಾರಿದವು, ಮಂಗ ಓಡಿದವು.
ಗೆದ್ದಲು ಒಂದೇ ಉಳೀತು.
ನೀನಾದರೂ ಇದ್ದೀಯಲ್ಲ ಅಂತ ಮರ ಅತ್ತಿತು.
ನಾನು ಗೆದ್ದಲೋ ಅಲ್ಲವೋ
ನಿಮಗೇ ಬಿಟ್ಟೆ.'

ನೀತಿಯನ್ನು ಬಾಯಿಬಿಟ್ಟು ಹೇಳಿದವನೇ ಅಲ್ಲ.
ಶಾಲೆಯ ಮೇಷ್ಟ್ರು ಕರೆಸಿ, ಕೊನೆಗೊಂದು ನೀತಿ ಸೇರಿಸಪ್ಪ ಅಂದರೆ
'ಮಕ್ಕಳಿಗೆ ಹಸಿವಾಗೈತೆ, ಬೆಲ್ ಹೊಡೀರಿ' ಅಂದನಂತೆ.

ಅವನ ಮೇಲೆ ಒಂದು ಕಥೆ ಕಟ್ಟಲು ನೋಡಿದೆ.
ಕೋಗಿಲೆ, ಎಂದು ಶುರು ಮಾಡಿ ಹೊಡೆದುಹಾಕಿದೆ.
ಕೋಗಿಲೆಗೆ ತನ್ನ ಮೊಟ್ಟೆ
ಯಾರ ಗೂಡಿನಲ್ಲಿದೆ ಎಂಬುದಾದರೂ ತಿಳಿದಿರುತ್ತದೆ.

ಸತ್ತದ್ದು ಆ ಜಗಲಿಯಲ್ಲೇ, ಮಧ್ಯಾಹ್ನ.
ಪ್ರಧಾನರ ಹೆಂಡತಿ ಅಕ್ಕಯ್ಯಮ್ಮ ಹೇಳಿಕಳಿಸಿದರು, ಹೋದೆ.
'ನಮ್ಮನೇಲಿ ಹೊತ್ತಿಗೆ ಸರಿಯಾಗಿ ಆಗ್ತಿದ್ದದ್ದು ಎರಡೇ ಕಣೇ,
ಕರೆಂಟು ಹೋಗೋದು, ನಿಮ್ಮಪ್ಪ ಬರೋದು'
ಎಂದು ನಕ್ಕರು. ಸೆರಗಿನಿಂದ ಮುಖ ಮುಚ್ಚಿಕೊಂಡರು.

ಮೈ ತೊಳೆಯಲು ಅಂಗಿ ಬಿಚ್ಚಿದವರು ನಿಂತುಬಿಟ್ಟರು.
ಒಳಗೆ, ಬರೀ ಚರ್ಮದ ಮೇಲೆ,
ಕುರಿಗೂದಲ ಒರಟು ಕಂಬಳಿಯ ತುಂಡು, ದಬ್ಬಳದಲ್ಲಿ ಹೊಲಿದದ್ದು.
ಏಪ್ರಿಲ್ ತಿಂಗಳು. ಎದೆ ಬೆನ್ನೆಲ್ಲ ಕೆಂಪು ಗಾಯ.
ಹರಕೆ ಅಂದರು ಒಬ್ಬರು, ಹುಚ್ಚು ಅಂದರು ಒಬ್ಬರು.
ಎಷ್ಟು ವರ್ಷದಿಂದ, ಯಾರ ಲೆಕ್ಕಕ್ಕೆ,
ಅಷ್ಟು ನಗಿಸಿದವನು ಹೇಳಿರಲಿಲ್ಲ.
ಬಸ್ ಸ್ಟ್ಯಾಂಡಿನ ದಿನವೂ ಇತ್ತೇ ಅದು, ಅಂಗಿಯ ಒಳಗೆ?

ಸುಡುವ ವಸ್ತ್ರದ ಜೊತೆ ಎಸೆಯಲು ಹೊರಟಿದ್ದರು, ಕೇಳಿ ತಂದೆ.
ಎರಡು ಸಲ ಒಗೆದೆ.
ಈಗ ಗೂಡು ಬೇಯಿಸುವ ಬೇಸಿನ್ನನ್ನು
ಒಲೆಯಿಂದ ಇಳಿಸಲು ಹಿಡಿಬಟ್ಟೆ ಅದೇ.
ಬಿಸಿ ತಾಗುವುದಿಲ್ಲ.
ಚುಚ್ಚುವುದು ಮಾತ್ರ ಇನ್ನೂ ಬಿಟ್ಟಿಲ್ಲ.